ಒಂದೇ ಸಲ ಹೇಳುವ ಮ್ಯಾನೇಜರು

ತೊಂಬತ್ತರ ದಶಕದಲ್ಲಿ ನಾನು ಜಾವಳಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕಪತ್ರ ನೋಡುವ ಗುಮಾಸ್ತ, ಆಗಿದ್ದೆ. ಮಾಲೀಕರು ಬೆಂಗಳೂರಿನಲ್ಲಿ, ಇಲ್ಲಿ ಮ್ಯಾನೇಜರದೇ ದರ್ಬಾರು. ಬೆಳಿಗ್ಗೆ ಆಳುಗಳಿಗೆ ಕೆಲಸ ಹಂಚುವಾಗ ಅವರು ಒಂದೇ ಸಲ ಹೇಳುತ್ತಿದ್ದರು. "ಏನಂದ್ರಿ ಸಾರ್?" ಅಂದವನನ್ನು ಆ ದಿನ ಮನೆಗೆ ಅಟ್ಟುತ್ತಿದ್ದರು. ಹಾಗಾಗಿ ಯಾರೂ ಕೇಳುತ್ತಿರಲಿಲ್ಲ. ಗೊಬ್ಬರ ಹಾಕಬೇಕಾದಲ್ಲಿ ಮರದ ಕೊಂಬೆ ಸವರಿ ಬಂದು ಬೈಗುಳ ತಿನ್ನುತ್ತಿದ್ದರು. ಇದಕ್ಕೆ ಆ ಮಹಾನುಭಾವರು ಇಟ್ಟ ಹೆಸರು ಶಿಸ್ತು.

ಆಮೇಲೆ ಆಫೀಸಿಗೆ ಫ್ಯಾಕ್ಸ್ ಮಷೀನು ಬಂತು. ಅದಕ್ಕೆ ಅವರಿಗಿಂತ ಬುದ್ಧಿಯಿತ್ತು. ದಾರಿಯಲ್ಲಿ ಅಕ್ಷರ ಕೆಟ್ಟರೆ ಆಚೆ ಕಡೆಯ ಮಷೀನು ಈ ತುಂಡು ಸರಿಯಾಗಿ ಬಂದಿಲ್ಲ ಅನ್ನುತ್ತಿತ್ತು. ನಮ್ಮದು ಆ ತುಂಡನ್ನಷ್ಟೇ ಮತ್ತೆ ಕಳಿಸುತ್ತಿತ್ತು. ಮರಕ್ಕೆಲ್ಲ ಉಜ್ಜಿಕೊಂಡು ಹೋಗುವ ನಮ್ಮ ಫೋನಿನ ತಂತಿಯಲ್ಲಿ ಒಂದು ಹಾಳೆಗೆ ಏಳೆಂಟು ನಿಮಿಷ ಹಿಡಿಯುತ್ತಿತ್ತು. ಅಷ್ಟು ಹೊತ್ತು ಕಾಯುವುದೆಂದರೆ ಸಾಹೇಬರಿಗೆ ಅವಮಾನ.

"ಆ ತಿದ್ದೋದು ಗಿದ್ದೋದು ಆಫ್ ಮಾಡ್ರೀ. ಒಂದ್ಸಲ ಹೇಳಿದ್ದು ಹೇಳಿದ್ದೇ."

"ಸಾಲುಗಳೇ ಬಿದ್ದು ಹೋಗ್ತಾವೆ ಸಾರ್, ನಮಗೆ ಗೊತ್ತೂ ಆಗಲ್ಲ," ಅಂದೆ.

"ನಿಮ್ಮನ್ನ ಕೇಳಿದ್ನಾ?"

ಆಫ್ ಮಾಡಿದೆ. ಹಾಳೆ ನಿಮಿಷಕ್ಕೊಂದರಂತೆ ಹೋಗತೊಡಗಿತು. 'ಓಕೆ' ಎಂದು ಅಚ್ಚಾಗಿ ಬರುವ ಚೀಟಿ ನೋಡಿ ಈ ಮನುಷ್ಯ ಮೀಸೆ ತಿರುವುತ್ತಿದ್ದರು.

ಆ ವರ್ಷ ಕಾಫಿ ಹದಮಾಡುವ ಕ್ಯೂರಿಂಗ್ ಕಾರ್ಖಾನೆಗೆ ಕಳಿಸಿದ ಫ್ಯಾಕ್ಸಿನಲ್ಲಿ, ಸರಿಯಾಗಿ ಒಣಗದ ಮೂಟೆಗಳನ್ನು ಬೇರೆ ಇಡಿ ಎಂಬ ಸಾಲು ಮುಟ್ಟಲೇ ಇಲ್ಲ. ಎಲ್ಲ ಬೆರೆತು ಇಡೀ ಲಾಟು ಬೂಷ್ಟು ಹಿಡಿಯಿತು. ಯಾರ ತಪ್ಪು ಎಂದು ಮಾಲೀಕರು ಕೇಳಿದರು. ಮ್ಯಾನೇಜರು ಕಾಗದ ಬರೆದು ಫ್ಯಾಕ್ಸ್ ಮಾಡಲು ನನ್ನ ಕೈಗೇ ಕೊಟ್ಟರು: ತಪ್ಪು ರೈಟರನದು, ಅವನನ್ನು ತೆಗೆಯಲು ಅಪ್ಪಣೆ ಬೇಕು. ಕೊಡುವಾಗ ಕಣ್ಣು ತಪ್ಪಿಸುವಷ್ಟು ನಾಚಿಕೆಯೂ ಆ ಮುಖಕ್ಕಿರಲಿಲ್ಲ. ನನ್ನ ಹೆಂಡತಿ ಆಗ ತುಂಬು ಬಸುರಿ, ನಾವಿದ್ದದ್ದು ಎಸ್ಟೇಟಿನ ಕ್ವಾರ್ಟರ್ಸಿನಲ್ಲಿ. ಕೆಲಸ ಹೋದರೆ ಸೂರೂ ಹೋಗುತ್ತಿತ್ತು.

ಅವರ ಶಿಸ್ತಿನಂತೆಯೇ, ತಿದ್ದುವುದನ್ನು ಆಫ್ ಇಟ್ಟೇ ಕಳಿಸಿದೆ. ಸ್ವಲ್ಪ ಹೊತ್ತಿಗೆ ಮಾಲೀಕರ ಉತ್ತರ ಬಂತು: "ತಪ್ಪು ಯಾರದು ಅನ್ನುವ ಸಾಲೇ ಇಲ್ಲ. ಮತ್ತೆ ಕಳಿಸಿ."

ನನಗೆ ನಗು ಬಂತು. ಕೊನೆಗೂ ಒಬ್ಬರು ಇವರನ್ನು ಏನಂದ್ರಿ ಎಂದು ಕೇಳಿದ್ದರು, ಅದೂ ಮನೆಗೆ ಅಟ್ಟಲಾಗದವರು.

"ಈ ಸಲ ಆ ತಿದ್ದೋದನ್ನ ಹಾಕ್ರೀ," ಅಂದರು, ಮುಖ ಕೆಂಪಗೆ ಮಾಡಿಕೊಂಡು.

ಹಾಕಿದೆ. ಎಂಟು ನಿಮಿಷ ಇಬ್ಬರೂ ಮಷೀನಿನ ಮುಂದೆ ನಿಂತೆವು. ಆ ವರ್ಷ ಆ ಎಸ್ಟೇಟಿನಿಂದ ಒಂದು ಸಾಲೂ ಬೀಳದೆ ಮುಟ್ಟಿದ್ದು ನನ್ನನ್ನು ಕೆಲಸದಿಂದ ತೆಗೆಯುವ ಆ ಕಾಗದವೊಂದೇ.