ಬಿಳಿ ವೈರು, ಹಳದಿ ವೈರು

ಪಾಕ್ ಪೊನಿದಿಯವರನ್ನು ನಾನು ಮೊದಲು ಕಂಡಾಗ ಕಂಡದ್ದು ಅವರ ಪಾದಗಳನ್ನು ಮಾತ್ರ. ಉಳಿದ ಮೈಯೆಲ್ಲ ಒಂದು ಹಳೇ ಕಾರಿನ ಒಳಗಿತ್ತು, ತಲೆ ಸ್ಟೀರಿಂಗಿನ ಕೆಳಗಿತ್ತು. ನನ್ನ ಗಂಡ ತೀರಿಕೊಂಡ ನಲವತ್ತನೆಯ ದಿನದ ಊಟ ಮುಗಿದು ಆಗ ಮೂರು ದಿನವಾಗಿತ್ತು. ನಮ್ಮೂರು ಮಾಗೆಲಾಂಗಿನ ಆ ಬೀದಿಯಲ್ಲಿ ಕಾರಿಗೆ ರೇಡಿಯೋ ಕೂರಿಸುವ ಅವರ ಅಂಗಡಿಯ ಜಗುಲಿ ಖಾಲಿಯಿದೆಯೆಂದು ಯಾರೋ ಹೇಳಿದ್ದರು. ಹೊಲಿಗೆ ಮಿಷನ್ ಇಡಲು ಜಾಗ ಕೇಳಲು ಹೋಗಿದ್ದೆ.

"ಕೂತ್ಕೊಳ್ಳಿ ಬು, ಈ ಕಾರಿಂದು ಒಂದು ಮಾತು ಬಾಕಿ ಇದೆ," ಎಂದು ಒಳಗಿನಿಂದಲೇ ಹೇಳಿದರು. ನಮ್ಮಲ್ಲಿ ಗಂಡಸರನ್ನು ಪಾಕ್, ಹೆಂಗಸರನ್ನು ಬು ಎಂದು ಕರೆಯುವುದು ಮರ್ಯಾದೆ.

ಎದ್ದು ಬಂದವರು ನನಗೆ ಕಾರಿನಿಂದ ಬಿಚ್ಚಿದ ಹಳೇ ರೇಡಿಯೋ ಕೊಟ್ಟು, "ಇದಕ್ಕೊಂದು ಚೀಲ ಹೊಲೀರಿ. ಹೊಸದು ಹಾಕಿದ್ರೂ ಹಳೇದು ಕಾರಿನ ಆಸ್ತೀನೇ. ಜೊತೆಗೆ ಕಳಿಸ್ಬೇಕು," ಎಂದರು. ಹೊಲಿದು ಕೊಟ್ಟೆ. ಹೊಲಿಗೆಯನ್ನು ಉಗುರಿನಿಂದ ಎಳೆದು ನೋಡಿ, "ಜಾಗ ನಿಮ್ದು," ಎಂದರು.

ಅವರ ಕೆಲಸದ ರೀತಿ ಹಾಗೇ. ಕಾರಿನ ಹುಟ್ಟು ವೈರನ್ನು ಎಂದೂ ಕತ್ತರಿಸುತ್ತಿರಲಿಲ್ಲ. ಮಧ್ಯಕ್ಕೆ ಬೇರೊಂದು ಸಾಕೆಟ್ ತಂದು, ಹೊಸ ಸೆಟ್ಟಿನ ವೈರುಗಳನ್ನು ಬಣ್ಣಕ್ಕೆ ಬಣ್ಣ ಕೂಡಿಸಿ ಬೆಸುಗೆ ಹಾಕುತ್ತಿದ್ದರು. ಹಳದಿಯಲ್ಲಿ ಬ್ಯಾಟರಿಯ ಕರೆಂಟು ಯಾವಾಗಲೂ ಹರಿಯುತ್ತದೆ. ಬಿಳಿ ಹೋಗುವುದು ಮುಂದಿನ ಎಡಗಡೆಯ ಸ್ಪೀಕರಿಗೆ. ನೋಡಿ ನೋಡಿ ನನಗೂ ಬಾಯಿಪಾಠವಾಗಿತ್ತು. ನನಗೆ ಅಕ್ಷರ ಕಡಿಮೆ, ಆದರೆ ದಾರ ಮಾರುವವನಿಗೂ ಬಣ್ಣದಲ್ಲಿ ನನಗೆ ಮೋಸ ಮಾಡಲಾಗಿದ್ದಿಲ್ಲ.

ಆಮೇಲೆ ಟೀವಿಯಂಥ ಪರದೆಯಿದ್ದ ರೇಡಿಯೋ ಸೆಟ್ಟುಗಳು ಬಂದವು. ಅವುಗಳ ಜೊತೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಪ್ಲಗ್ಗೂ ಬಂತು. ಸ್ಟೀರಿಂಗಿನ ಕೆಳಗೆ ಅದನ್ನು ಚುಚ್ಚಿದರೆ ಎಂಜಿನ್ನಿನ ಕಾಯಿಲೆ ಪರದೆಯ ಮೇಲೆ ಬರುತ್ತಿತ್ತು. ಅದೆಂದರೆ ಪಾಕ್ ಪೊನಿದಿಯವರಿಗೆ ಭಾರಿ ಖುಷಿ.

"ನೋಡಿ ಬು, ಇದಕ್ಕೆ ಮರ್ಯಾದೆ ಅನ್ನೋದೇ ಗೊತ್ತಿಲ್ಲ! ಊಟ ಆಯ್ತಾ ಅಂತಿಲ್ಲ, ಮನೇಲೆಲ್ಲ ಸೌಖ್ಯನಾ ಅಂತಿಲ್ಲ. ಮುಖಕ್ಕೆ ಹೇಳ್ಬಿಡುತ್ತೆ, ನಿನ್ನ ಮೂರನೇ ಸಿಲಿಂಡರ್ ಕೆಟ್ಟಿದೆ ಅಂತ!"

"ನಮ್ಮೂರಲ್ಲಿ ಹುಟ್ಟಿದ್ದಲ್ಲ ಬಿಡಿ," ಎಂದೆ.

ನಮ್ಮೂರಲ್ಲಿ ಯಾರೂ ಯಾರ ತಪ್ಪನ್ನೂ ಮುಖಕ್ಕೆ ಹೇಳುವುದಿಲ್ಲ. ಜೋಗ್ಜಾ ಪಟ್ಟಣಕ್ಕೆ ಮಿನಿಬಸ್ಸು ಓಡಿಸುವ ಪಾಕ್ ದರ್ಸೋನೊ ಒಂದು ದಿನ ಗೆತುಕ್ ಪೊಟ್ಟಣ ಹಿಡಿದು ಬಂದರು. ಬೇಯಿಸಿ ಕುಟ್ಟಿದ ಮರಗೆಣಸಿನ ಸಿಹಿ ಅದು. ಬಿಳಿ, ಗುಲಾಬಿ, ಕಂದು, ಮೂರು ಸಾಲು. ಮಳೆಯ ಮಾತಾಯಿತು, ಮಗಳ ಮದುವೆಯ ಮಾತಾಯಿತು. ಎದ್ದು ಹೊರಡುವಾಗ ಚಪ್ಪಲಿ ಮೆಟ್ಟುತ್ತ, "ಆ ಹೊಸ ಸೆಟ್ಟು... ಪಾಪ, ಸ್ವಲ್ಪ ಸುಸ್ತಾಗಿದೆ ಪಾಕ್. ಒಂಚೂರು ಹೊಗೆ ಬಂತು. ಅವಸರವೇನಿಲ್ಲ," ಎಂದರು.

ಅದು ಆ ತಿಂಗಳಲ್ಲಿ ಸುಟ್ಟ ಎರಡನೇ ಸೆಟ್ಟು. ಪಾಕ್ ಪೊನಿದಿ ಸೆಟ್ಟು ಮಾಡಿದವರನ್ನು ಬೈದರು. ಬೈದು ಗೆತುಕ್ ಬಾಯಿಗಿಟ್ಟು, "ಈ ಹಳದೀದು ಚೆನ್ನಾಗಿದೆ, ತಗೊಳ್ಳಿ ಬು," ಎಂದರು.

ಪೊಟ್ಟಣದಲ್ಲಿ ಹಳದಿ ಇರಲೇ ಇಲ್ಲ.

ನಾನು ತಿಂದೆ, ಸುಮ್ಮನಿದ್ದೆ. ಮರುದಿನ ಅವರು ಊಟಕ್ಕೆ ಹೋದಾಗ ಬೆಂಚಿನ ಮೇಲಿದ್ದ ಮೂರನೇ ಸೆಟ್ಟನ್ನು ನೋಡಿದೆ. ಬಿಳಿಗೆ ಹಳದಿ ಬೆಸೆದಿದ್ದರು. ಬ್ಯಾಟರಿಯ ಕರೆಂಟು ಸೀದಾ ಸ್ಪೀಕರಿನ ದಾರಿಗೆ. ಮೂರನೆಯದೂ ಸುಟ್ಟರೆ ಈ ಬೀದಿಯಲ್ಲಿ ಇನ್ನಾರೂ ಅವರ ಕೈಗೆ ಕಾರು ಕೊಡುವುದಿಲ್ಲ, ಯಾಕೆಂದೂ ಹೇಳುವುದಿಲ್ಲ. ಹಲ್ಲು ನೋವು, ಊರಿಗೆ ಹೋಗಬೇಕು ಎಂದು ನೆಪ ಹೇಳಿ ಪಕ್ಕದ ಅಂಗಡಿಗೆ ಹೋಗುತ್ತಾರೆ.

ಅವರು ಬಂದೊಡನೆ ಬಿಳಿಯದೊಂದು, ಹಳದಿಯದೊಂದು ದಾರದ ರೀಲು ಮುಂದೆ ಹಿಡಿದೆ. "ಪಾಕ್, ಬಿಳೀದು ಯಾವ್ದು?"

ನಕ್ಕರು. ಬಾಗಿಲ ಬೆಳಕಿಗೆ ಹಿಡಿದರು. ಮತ್ತೆ ಹಿಡಿದರು. ನಗು ಹೋಯಿತು.

"ಯಾವಾಗಿಂದ ಗೊತ್ತು ನಿಮ್ಗೆ?"

"ನಿನ್ನೆ ಗೆತುಕ್ ತಿಂದಾಗಿಂದ."

"ತಿಂದು ಬಾಯಿ ಒರೆಸ್ಕೊಂಡು ಸುಮ್ನೆ ಕೂತ್ರಾ!"

"ಬಾಯಲ್ಲಿ ಇತ್ತಲ್ಲ ಪಾಕ್, ಹೇಗೆ ಹೇಳ್ಲಿ?"

ಕಣ್ಣಿನ ಪೊರೆ. ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮೂರು ತಿಂಗಳ ಆಚೆಗೆ ದಿನ ಕೊಟ್ಟರು. ಅಲ್ಲಿಯವರೆಗೆ ನಾನು ಮಿಷನ್ ಬಿಟ್ಟು ಬೆಂಚಿನ ಪಕ್ಕ ಕೂತು ವೈರಿನ ಬಣ್ಣ ಓದಿ ಹೇಳುತ್ತಿದ್ದೆ: ಹಳದಿ, ಕೆಂಪು, ಬಿಳಿ, ಬೂದು. ಅವರು ಬೆಸುಗೆ ಹಾಕುತ್ತಿದ್ದರು. "ಏನು ಪಾಕ್, ಮತ್ತೆ ಒಂದನೇ ಕ್ಲಾಸಾ?" ಎಂದು ಗಿರಾಕಿಗಳು ಕೇಳಿದರೆ, "ಇವರು ಕಲೀತಿದಾರೆ, ನನ್ನ ಅಂಗಡೀನ ನುಂಗೋಕೆ," ಎನ್ನುತ್ತಿದ್ದರು. ಆ ಮೂರು ತಿಂಗಳಲ್ಲಿ ಒಂದು ಸೆಟ್ಟೂ ಸುಡಲಿಲ್ಲ.

ಕಣ್ಣಿನ ಪಟ್ಟಿ ಬಿಚ್ಚಿದ ಮಾರನೇ ಬೆಳಿಗ್ಗೆ ಅಂಗಡಿಗೆ ಬಂದವರು ನನ್ನನ್ನೇ ನೋಡುತ್ತ ನಿಂತರು.

"ನಿಮ್ಮ ತಲೆವಸ್ತ್ರ ನೀಲಿನಾ? ಎರಡು ವರ್ಷದಿಂದ ಕರೀದು ಅಂದ್ಕೊಂಡಿದ್ದೆ. ಇನ್ನೂ ದುಃಖ ಹೋಗಿಲ್ವಲ್ಲ ಅಂತ ನಿಮ್ಮೆದುರಿಗೆ ಜೋರಾಗಿ ನಗ್ತಾನೂ ಇರ್ಲಿಲ್ಲ!"

"ಅದು ಜೋರಲ್ದೇ ಇದ್ದ ನಗುನಾ?" ಎಂದೆ.

ಅಂದೇ ಪಾಕ್ ದರ್ಸೋನೊ ಬಳಿಗೆ ಹೋದರು. ಜೊತೆಗೆ ನಾನಿದ್ದೆ. ಮಳೆಯ ಮಾತಿಲ್ಲ, ಮದುವೆಯ ಮಾತಿಲ್ಲ. "ನಿಮ್ಮ ಸೆಟ್ಟು ಸುಟ್ಟಿದ್ದು ನಾನು. ಮಾಡಿದೋರ ತಪ್ಪಲ್ಲ. ನನಗೆ ಕಣ್ಣು ಕಾಣ್ತಿರ್ಲಿಲ್ಲ."

ಪಾಕ್ ದರ್ಸೋನೊ ನೆಲ ನೋಡಿದರು. "ಗೊತ್ತಿತ್ತು ಪಾಕ್. ಸ್ಟ್ಯಾಂಡಿನೋರಿಗೆಲ್ಲ ಗೊತ್ತಿತ್ತು."

"ಮತ್ತೆ ಹೇಳ್ಬಾರ್ದಿತ್ತಾ?"

"ಅದು ಹೇಗಾಗುತ್ತೆ?"

ವಾಪಸ್ಸು ಬರುವ ದಾರಿಯಲ್ಲಿ ಪಾಕ್ ಪೊನಿದಿ, "ನೀವೊಬ್ರೇ ಬು, ಆ ಪ್ಲಗ್ಗಿನ ಜಾತಿ," ಎಂದರು.

ಅದಾಗಿ ಏಳು ವರ್ಷ ಕೆಲಸ ಮಾಡಿದರು. ಕಣ್ಣು ಚೆನ್ನಾಗಿದ್ದರೂ ಬೆಸುಗೆಗೆ ಮುಂಚೆ ಹಳದಿ ವೈರನ್ನು ನನ್ನತ್ತ ಒಮ್ಮೆ ಎತ್ತಿ ತೋರಿಸುತ್ತಿದ್ದರು. ನಾನು ಹೊಲಿಗೆ ನಿಲ್ಲಿಸದೆ ತಲೆಯಾಡಿಸುತ್ತಿದ್ದೆ.

ಹೋದ ವರ್ಷ ಎದೆ ಕೈಕೊಟ್ಟಿತು. ನಾನು ಆಸ್ಪತ್ರೆಗೆ ನೋಡಲು ಹೋದಾಗ ಮಂಚದ ಪಕ್ಕ ಒಂದು ಪರದೆಯಲ್ಲಿ ಹಸಿರು ಗೆರೆ ಓಡುತ್ತಿತ್ತು. ಮಗ, ಸೊಸೆ, ನರ್ಸು, ಎಲ್ಲರೂ ನಗುನಗುತ್ತ ಆರಾಮಾಗಿದ್ದೀರಿ ಎನ್ನುತ್ತಿದ್ದರು. ಅದಕ್ಕೆ ಸ್ವಲ್ಪ ಮುಂಚೆ ಅದೇ ಮಗ ಹೊರಗೆ ಗೋಡೆಗೆ ಮುಖ ಮಾಡಿ ನಿಂತದ್ದನ್ನು ನಾನು ಕಂಡಿದ್ದೆ. ಅವರೆಲ್ಲ ಚಹಾ ಕುಡಿಯಲು ಹೋದರು. ಪಾಕ್ ಪೊನಿದಿ ನನ್ನತ್ತ ತಿರುಗಿದರು.

"ಇವರೆಲ್ಲ ನಮ್ಮೂರಲ್ಲಿ ಹುಟ್ಟಿದೋರು ಬು. ನೀವು ಹೇಳಿ, ನಾನು ಇನ್ನು ಅಂಗಡಿ ಬಾಗಿಲು ತೆಗೀತೀನಾ?"

ಹಸಿರು ಗೆರೆಯಿಂದ ಕಣ್ಣು ತೆಗೆದು ಅವರ ಮುಖ ನೋಡಿ, "ಇಲ್ಲ ಪಾಕ್," ಎಂದೆ.