‘ಬೇಡ ಮೇಡಂ’ ಬೇಕೆಂದ ದಿನ

ದಾನವಾಗಿ ಬಂದ ಮೂತ್ರಪಿಂಡ, ಯಕೃತ್ತುಗಳ ಜೊತೆ ದಾನಿಯ ಸೋಂಕೂ ರೋಗಿಯ ಮೈ ಸೇರದಂತೆ ಮೂವತ್ತೊಂದು ವರ್ಷ ಕಾವಲು ಕಾದ ಪ್ರಯೋಗಾಲಯದ ಮುಖ್ಯಸ್ಥೆ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಶಸ್ತ್ರವೈದ್ಯರು ಅವರಿಗಿಟ್ಟ ಹೆಸರು ‘ಬೇಡ ಮೇಡಂ’. ದಾನಿಯ ರಕ್ತದಲ್ಲಿ ಅನುಮಾನ ಕಂಡರೆ ‘ಬೇಡ’ ಎಂದುಬಿಡುವರು; ಯಾರು ಕೈಮುಗಿದರೂ ಕಣ್ಣು ಕೆಂಪಗೆ ಮಾಡಿದರೂ ಜಗ್ಗಿದವರಲ್ಲ. ಹೆಸರು ಕಿವಿಗೆ ಬಿದ್ದಾಗ, ಬಾಗಿಲ ಮೇಲೂ ಬರೆಸಿಬಿಡಿ ಎಂದು ನಕ್ಕರಂತೆ.

ಅವರು ಕೆಲಸಕ್ಕೆ ಸೇರಿದಾಗ ಪ್ರಯೋಗಾಲಯವೆಂದರೆ ಮೆಟ್ಟಿಲ ಕೆಳಗಿನ ಕೋಣೆ, ಗೊರಗುಟ್ಟುವ ಒಂದು ಫ್ರಿಜ್. ಎರಡು ದಿನ ಹಿಡಿಯುತ್ತಿದ್ದ ಫಲಿತಾಂಶವನ್ನು ಆರು ಗಂಟೆಗೆ ಇಳಿಸಿದ ಹಿರಿಮೆ ಅವರದು. ಹೊಸ ತಂತ್ರಜ್ಞೆಯೊಬ್ಬಳ ಬೆರಳಿಗೆ ಸೋಂಕಿನ ಸೂಜಿ ಚುಚ್ಚಿದಾಗ, ವರದಿ ಬರುವತನಕ ಅವಳ ಪಕ್ಕದಿಂದ ಎದ್ದಿರಲಿಲ್ಲ.

ಹನ್ನೊಂದು ವರ್ಷದ ಹಿಂದಿನ ಮಾತು. ಅಪಘಾತದಲ್ಲಿ ಮಿದುಳು ಸತ್ತ ಬಸ್ ಚಾಲಕರೊಬ್ಬರ ಅಂಗಗಳನ್ನು ಕೊಡಲು ಹೆಂಡತಿ ಒಪ್ಪಿದ್ದರು. ಪರೀಕ್ಷೆಯಲ್ಲಿ, ರಕ್ತದಿಂದಲೂ ದೇಹಸಂಪರ್ಕದಿಂದಲೂ ಹರಡುವ ಕಾಮಾಲೆ ಸೋಂಕಿನ ಗುರುತು, ಅಂದರೆ ಅದರ ಪ್ರತಿಕಾಯ, ಕಂಡಿತು. ಸುದ್ದಿ ಹೊರಗೆ ಸೋರಿ, ಅವನಿಗೆ ಅದೆಲ್ಲಿಂದ ಅಂಟಿತು ಎಂದು ನೆಂಟರು ಪಿಸುಗುಟ್ಟತೊಡಗಿದರು. ಹೆಂಡತಿ ತಲೆ ತಗ್ಗಿಸಿ ಕೂತರು. ಶಸ್ತ್ರವೈದ್ಯರು ಕೈಗವಸು ಕಳಚಿದರು.

ಮೇಡಂ ಮಾತ್ರ ಚಿಕಿತ್ಸೆಯ ಕಾಗದಗಳನ್ನು ತಿರುವಿ ಹಾಕುತ್ತಿದ್ದರು. ಮೊದಲು ಸೇರಿಸಿದ ಆಸ್ಪತ್ರೆಯಲ್ಲಿ ಚಾಲಕರಿಗೆ ಹದಿನಾಲ್ಕು ಚೀಲ ರಕ್ತ ಕೊಟ್ಟಿದ್ದರು.

“ಡಾಕ್ಟ್ರೇ, ನಾವು ನೋಡಿದ್ದು ಅವರ ರಕ್ತ ಅಲ್ಲ, ಅವರಿಗೆ ರಕ್ತ ಕೊಟ್ಟವರದ್ದು. ಆ ಗುರುತು ಅಲ್ಲಿಂದಲೂ ಬಂದಿರಬಹುದು. ರಕ್ತ ಏರಿಸೋ ಮುಂಚೆ ತೆಗೆದದ್ದು ಬೇಕು.”

“ಅದು ಇನ್ನೂ ಇರುತ್ತಾ, ಮೇಡಂ?”

“ಹೋಗಿ ನೋಡ್ತೀನಿ.”

ಐಸ್ ಪೆಟ್ಟಿಗೆ ಹಿಡಿದು ತಾವೇ ಆಂಬುಲೆನ್ಸ್ ಹತ್ತಿದರು. ಆ ಆಸ್ಪತ್ರೆಯಲ್ಲಿ ಹಳೆಯ ಮಾದರಿಗಳನ್ನು ಎಸೆಯಲು ಆಗಲೇ ಬುಟ್ಟಿಗೆ ತುಂಬಿದ್ದರು. ತಡಕಾಡಿ ಚಾಲಕರ ಕೊಳವೆ ಹುಡುಕಿ ತಂದು, ಗುರುತನ್ನೂ ವೈರಾಣುವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದರು. ಎರಡೂ ಇರಲಿಲ್ಲ. ಈಗಿನ ರಕ್ತದಲ್ಲೂ ಇದ್ದದ್ದು ಗುರುತಷ್ಟೇ, ವೈರಾಣು ಇರಲಿಲ್ಲ. ಅಪ್ಪಟ ಶುದ್ಧ ರಕ್ತ! ಸಂಜೆಯ ಹೊತ್ತಿಗೆ ಮೂರು ಶಸ್ತ್ರಕ್ರಿಯಾ ಕೊಠಡಿಗಳ ದೀಪ ಹೊತ್ತಿಕೊಂಡವು. ಅಂದು ಅಲ್ಲಿ ಅಂಗ ಪಡೆದ ಮೂವರೂ ಇಂದಿಗೂ ಓಡಾಡಿಕೊಂಡಿದ್ದಾರೆ.

ಅಂದು ವರದಿಗೆ ಸಹಿ ಹಾಕಿದ ಮೇಡಂ ನೆಟ್ಟಗೆ ನಡೆದದ್ದು ಬೆಂಚಿನ ಮೇಲಿದ್ದ ಚಾಲಕರ ಹೆಂಡತಿಯ ಬಳಿಗೆ. ನೆಂಟರೆಲ್ಲ ಕೇಳುವಂತೆ ಹೇಳಿದರು: “ನಿಮ್ಮ ಯಜಮಾನರಿಗೆ ಯಾವ ಸೋಂಕೂ ಇರಲಿಲ್ಲಮ್ಮ. ನಾನೇ ಕಣ್ಣಾರೆ ನೋಡಿದೀನಿ.” ಆಕೆ ಅಂದು ಮೊದಲ ಬಾರಿಗೆ ತಲೆಯೆತ್ತಿದರು.

ನಿವೃತ್ತಿಯ ನಂತರವೂ ವಾರಕ್ಕೆರಡು ದಿನ ಹೊಸಬರಿಗೆ ಪಾಠ ಹೇಳಲು ಮೇಡಂ ಒಪ್ಪಿದ್ದಾರೆ. ಅವರ ಆಯುಷ್ಯ ನೂರು ದಾಟಲಿ. ವರದಿಯ ಹಿಂದೆ ಒಬ್ಬ ಮನುಷ್ಯನಿದ್ದಾನೆಂದು ಕಲಿಸುವ ಆ ತರಗತಿ ಬಹುಕಾಲ ನಡೆಯಲಿ.