ಐದನೇ ಸಲಕ್ಕೆ ಪಾಸಾದವಳು

ಸುಜಾತಾ, ನಾನು ನಿನಗೆ ಸುಳ್ಳು ಹೇಳಿದ್ದೆ. ಕಾರಿನ ಲೈಸೆನ್ಸ್ ನನಗೆ ಒಂದೇ ಸಲಕ್ಕೆ ಸಿಕ್ಕಿದ್ದಲ್ಲ — ನಾಲ್ಕು ಸಲ ಫೇಲಾಗಿ ಐದನೇ ಸಲಕ್ಕೆ ಸಿಕ್ಕಿದ್ದು. ಇಷ್ಟು ಸಣ್ಣ ಮಾತು ಹೇಳಲು ನನಗೆ ಒಂಬತ್ತು ವರ್ಷ ಬೇಕಾಯಿತು.

ಬಹರೈನ್‌ನಲ್ಲಿ ನಮ್ಮವರ ಪದ್ಧತಿ ನಿನಗೆ ಗೊತ್ತೇ ಇದೆ. ಲೈಸೆನ್ಸ್ ಸಿಕ್ಕಿತೆಂದು ಲಾಡು ಹಂಚಿದರೆ, ಅದು ಬಾಯಿಗೆ ಹೋಗುವ ಮೊದಲೇ "ಎಷ್ಟನೇ ಸಲ?" ಎಂದು ಕೇಳುತ್ತಾರೆ. ನಾನು "ಫಸ್ಟ್" ಎಂದುಬಿಟ್ಟೆ. ಜಂಬದ ಕೋಳಿ ಎನ್ನುತ್ತಾರಲ್ಲ, ಅದು ನಾನೇ. ಹೊಸದಾಗಿ ಕಲಿಯುವವರಿಗೆಲ್ಲ ನನ್ನನ್ನೇ ತೋರಿಸತೊಡಗಿದರು — ನಾನೂ ತೋರಿಸಿಕೊಂಡೆ.

ಆಗ ಹಮದ್ ಟೌನ್‌ನ ನಮ್ಮ ಕ್ಲಿನಿಕ್‌ನಲ್ಲಿ ಮನೆಮನೆಗೆ ಹೋಗುವ ನರ್ಸ್ ಕೆಲಸ ನಿನಗೆ ಸಿಗುವುದರಲ್ಲಿತ್ತು. ಲೈಸೆನ್ಸ್ ಒಂದು ಬೇಕಿತ್ತು. ಆ ಸಂಬಳ ಬಂದಿದ್ದರೆ, ಕಾಪುವಿನಲ್ಲಿ ಅಜ್ಜಿಯ ಜೊತೆಗಿದ್ದ ನಿನ್ನ ಮಗಳನ್ನು ಇಲ್ಲಿಗೆ ಕರೆಸಬಹುದಿತ್ತು. ಮೂರನೇ ಸಲವೂ ಫೇಲಾದ ದಿನ ನೀನು ಊಟದ ಕೋಣೆಯಲ್ಲಿ ಡಬ್ಬಿಯ ಮುಚ್ಚಳವನ್ನೂ ತೆರೆಯದೆ ಕೂತಿದ್ದೆ.

"ರೌಂಡ್‌ಅಬೌಟ್ ಬಂದ ಕೂಡ್ಲೆ ಕೈಕಾಲು ತಣ್ಣಗಾಗ್ತದೆ. ನಿಮ್ಗೂ ಹೀಗೆ ಆಗಿತ್ತಾ ಜೆಸಿಂತಕ್ಕ?"

ಆಗಿತ್ತು. ಅಯ್ಯೋ, ಆಗಿತ್ತು — ಮೂರನೇ ಸಲ ಪರೀಕ್ಷೆಯವರ ಎದುರೇ ಸ್ಟೇರಿಂಗ್ ಹಿಡಿದು ಅತ್ತಿದ್ದೆ. ಹೇಳಲು ಬಾಯಿ ತೆರೆದೆ. ಆದರೆ ಮೇಜಿನ ಸುತ್ತ ಇನ್ನೂ ಇಬ್ಬರು ಕೂತಿದ್ದರು, ಅವರೆದುರು...

"ನನ್ಗೆಂತ ಹೆದರಿಕೆ ಮಾರಾಯ್ತಿ? ಸೀದಾ ಹೋದೆ, ಪಾಸಾದೆ."

ನೀನು ತಲೆ ಆಡಿಸಿದೆ. "ಹಾಗಾದ್ರೆ ದೋಷ ನನ್ನಲ್ಲೇ ಉಂಟು. ನನ್ನಿಂದ ಆಗುದಿಲ್ಲ ಅಕ್ಕ."

ನಾಲ್ಕನೇ ಸಲಕ್ಕೆ ನೀನು ಹೋಗಲೇ ಇಲ್ಲ. ಆ ಕೆಲಸ ಬೇರೆಯವಳಿಗೆ ಸಿಕ್ಕಿತು. ನಿನ್ನ ಮಗಳು ಅಜ್ಜಿಯ ಬಳಿಯೇ ದೊಡ್ಡವಳಾದಳು. ನೀನು ಅವಳನ್ನು ಬೆಳೆಸಿದ್ದು ಫೋನಿನಲ್ಲಿ. ಇನ್ನೊಬ್ಬರನ್ನು ನೋಡಿ ಧೈರ್ಯ ಬರುತ್ತದೆ ಎನ್ನುತ್ತಾರೆ. ನನ್ನನ್ನು ನೋಡಿ ನಿನ್ನಲ್ಲಿ ಇದ್ದದ್ದೂ ಹೋಯಿತು — ಏಕೆಂದರೆ ನೀನು ನೋಡಿದ್ದು ನನ್ನನ್ನಲ್ಲ.

ಆಮೇಲೆ ಎಷ್ಟೋ ಸಲ ಹೇಳಬೇಕೆಂದುಕೊಂಡೆ. ಇಷ್ಟು ವರ್ಷವಾದ ಮೇಲೆ ಯಾಕೆ ಎಂದು ಸುಮ್ಮನಾದೆ. ಮೊನ್ನೆ ಇಲ್ಲಿ ಹೂರಾ ಪೇಟೆಯ ಅಂಗಡಿಯಲ್ಲಿ ನೀನು ಸಿಕ್ಕಿದೆ. ಮಗಳು ಊರಿನಲ್ಲಿ ಕಾರು ಕಲಿಯುತ್ತಿದ್ದಾಳಂತೆ, ನೀನು ಫೋನಿನಲ್ಲಿ ಅವಳಿಗೆ ಹೇಳುತ್ತಿದ್ದೆ: "ಜೆಸಿಂತಾ ಆಂಟಿಯ ಹಾಗೆ ಧೈರ್ಯ ಬೇಕು ಮಗಾ. ನನ್ನ ಹಾಗೆ ಆಗ್ಬೇಡ."

ಅದನ್ನು ಕೇಳಿಯೂ ನಾನು ನಕ್ಕು ಬಂದೆ. ನನಗೆ ನಾಚಿಕೆಯಾಗುತ್ತದೆ, ಸುಜಾತಾ.

ಇದನ್ನು ಓದಿದ ಮೇಲೆ ನೀನು ನನ್ನ ಮುಖ ನೋಡದಿದ್ದರೂ ಸರಿ. ಮಗಳಿಗೆ ಮಾತ್ರ ಇವತ್ತೇ ಹೇಳು — ಅವಳ ಅಮ್ಮ ಫೇಲಾದದ್ದು ಮೂರು ಸಲ, ಜೆಸಿಂತಾ ಆಂಟಿ ನಾಲ್ಕು ಸಲ.